ಚೌಕ ಬರಲಿಲ್ಲ, ವೃತ್ತ ಬಂತು: ಪಬ್‌ಜಿ ಬೆಳೆದ ಬಗೆ

ಎಲ್ಲರಿಗೂ ನಮಸ್ಕಾರ.

ಪಬ್‌ಜಿ ಎಂಬ ಗುಂಡಿನ ವಿಡಿಯೋ ಗೇಮ್ ಆಡಿದವರು ಕೈ ಎತ್ತಿ ಅಂದರೆ ಇಲ್ಲಿ ಅರ್ಧ ಜನ ಎತ್ತಬಹುದು. ಪಕ್ಕದಲ್ಲಿ ಅಪ್ಪ ಕೂತಿದ್ದರೆ ಎತ್ತುವುದಿಲ್ಲ, ಅದು ಬೇರೆ ಮಾತು. ಆಡಿದವರಿಗೆ 'ಝೋನ್' ಗೊತ್ತು. ಆ ವೃತ್ತ ಚಿಕ್ಕದಾಗುತ್ತಾ ಬರುತ್ತದೆ, ಹೊರಗೆ ಉಳಿದರೆ ಜೀವ ಇಳಿಯುತ್ತದೆ. ಆಡದವರು ಸಂಗೀತ ಕುರ್ಚಿ ನೆನಪು ಮಾಡಿಕೊಳ್ಳಿ. ಅಲ್ಲಿ ಕುರ್ಚಿ ಕಡಿಮೆಯಾಗುತ್ತದೆ, ಇಲ್ಲಿ ಜಾಗ.

ಇದನ್ನು ಶುರು ಮಾಡಿದವರು ಐರ್ಲೆಂಡಿನ ಬ್ರೆಂಡನ್ ಗ್ರೀನ್. ಫೋಟೋ ತೆಗೆಯುವುದು, ವೆಬ್‌ಸೈಟ್ ಮಾಡಿಕೊಡುವುದು ಅವರ ಕಸುಬು. ಬ್ರೆಜಿಲ್‌ಗೆ ಹೋದರು, ಮದುವೆಯಾದರು, ಆ ಮದುವೆ ಮುರಿಯಿತು. ವಾಪಸ್ ಊರಿಗೆ ಹೋಗುವಷ್ಟು ದುಡ್ಡು ಕೂಡಿಸಬೇಕಿತ್ತು. ಆ ದಿನಗಳಲ್ಲಿ ಅವರಿಗೆ ಹಿಡಿಸಿದ ಆಟ 'ಡೇಝೆಡ್'.

ಡೇಝೆಡ್ ಕೂಡ ಸ್ವಂತ ಮನೆಯಲ್ಲ. ಜೆಕ್ ದೇಶದ ಕಂಪನಿಯೊಂದು ಮಾಡಿದ್ದ 'ಆರ್ಮಾ 2' ಎಂಬ ಸೈನಿಕರ ಆಟಕ್ಕೆ ಡೀನ್ ಹಾಲ್ ಎಂಬವರು 2012ರಲ್ಲಿ ಜೋಂಬಿಗಳನ್ನು ಸೇರಿಸಿದ್ದರು. ಇದಕ್ಕೆ 'ಮಾಡ್' ಅನ್ನುತ್ತಾರೆ. ಗೋಡೆ ಬೇರೆಯವರದು, ಒಳಗಿನ ಕೋಣೆ ನಮ್ಮದು. ಗ್ರೀನ್ ಆ ಮಾಡ್‌ನ ಮೇಲೆ ಇನ್ನೊಂದು ಮಾಡ್ ಕಟ್ಟಿದರು, 2013ರಲ್ಲಿ.

ಅವರಿಗೆ ಏನು ಬೇಕಿತ್ತು? ಮಾಮೂಲಿ ಗುಂಡಿನ ಆಟಗಳಲ್ಲಿ ಜಾಗ ಚಿಕ್ಕದು. ನಾಲ್ಕು ದಿನ ಆಡಿದರೆ ಯಾವ ಮೂಲೆಯಲ್ಲಿ ಯಾರು ಬರುತ್ತಾರೆ ಅಂತ ಬಾಯಿಪಾಠ ಆಗುತ್ತದೆ. ಸತ್ತರೆ ಮತ್ತೆ ಹುಟ್ಟುತ್ತೀರಿ. ಅವರಿಗೆ ಅದು ಬೇಜಾರು. ಒಂದೇ ಜೀವ, ದೊಡ್ಡ ಜಾಗ, ಬರಿಗೈಲಿ ಶುರು. ಕೊನೆಗೆ ಉಳಿದವನು ಗೆದ್ದ. ಈ ಯೋಚನೆಗೆ 2000ದ ಜಪಾನಿ ಸಿನಿಮಾ 'ಬ್ಯಾಟಲ್ ರಾಯಲ್' ಕಾರಣ, ಅವರ ಮಾಡ್‌ನ ಹೆಸರೂ ಅಲ್ಲಿಂದಲೇ.

ಆ ಸಿನಿಮಾದಲ್ಲಿ ನಕ್ಷೆಯನ್ನು ಚೌಕ ಚೌಕವಾಗಿ ಗುರುತಿಸಿ, ಒಂದೊಂದು ಚೌಕಕ್ಕೆ ಕಾಲಿಡಬೇಡಿ ಅನ್ನುತ್ತಾರೆ. ಗ್ರೀನ್‌ಗೂ ಚೌಕವೇ ಬೇಕಿತ್ತು. ಆದರೆ ಕೋಡ್ ಬರೆಯುವುದರಲ್ಲಿ ಅವರು ಹೊಸಬರು, ಚೌಕ ಮಾಡಲು ಬರಲಿಲ್ಲ. ವೃತ್ತ ಸುಲಭ ನೋಡಿ. ನಡುವೆ ಒಂದು ಚುಕ್ಕಿ ಇಡಿ, ಆಟಗಾರ ಅಲ್ಲಿಂದ ಎಷ್ಟು ದೂರ ಇದ್ದಾನೆ ಅಂತ ಅಳೆಯಿರಿ, ಮುಗೀತು. ಬರದ ವಿದ್ಯೆಯಿಂದ ಹುಟ್ಟಿದ ವೃತ್ತವೇ ಮುಂದೆ ಆಟದ ಜೀವ ಆಯಿತು.

ನಡುವೆ 'ಎಚ್1ಝೆಡ್1' ಎಂಬ ಆಟಕ್ಕೂ ಸಲಹೆ ಕೊಟ್ಟರು. 2016ರಲ್ಲಿ ದಕ್ಷಿಣ ಕೊರಿಯಾದ ಬ್ಲೂಹೋಲ್ ಕಂಪನಿಯ ಕಿಮ್ ಚಾಂಗ್-ಹಾನ್ ಮೇಲ್ ಬರೆದು ಕರೆದರು. ಗ್ರೀನ್ ಕೊರಿಯಾಕ್ಕೆ ಹೋದರು. 2017ರ ಮಾರ್ಚ್ 23ಕ್ಕೆ ಪಬ್‌ಜಿ ಜನರ ಕೈಗೆ ಬಂತು. 100 ಜನ, ಎಂಟು ಕಿಲೋಮೀಟರ್ ಉದ್ದ, ಎಂಟು ಕಿಲೋಮೀಟರ್ ಅಗಲದ ನಕ್ಷೆ. ಆ ದ್ವೀಪದ ಹೆಸರು ಎರಾಂಗೆಲ್, ಗ್ರೀನ್ ಮಗಳು ಎರಿನ್ ಹೆಸರಿನಿಂದ ಬಂದದ್ದು. ನನಗೆ ಇಷ್ಟವಾದದ್ದು ಬಾಣಲೆ. ಅಡುಗೆಮನೆಯಿಂದ ಎತ್ತಿಕೊಂಡು ಸೊಂಟದ ಹಿಂದೆ ನೇತುಹಾಕಿದರೆ ಸಾಕು, ಹಿಂದಿನಿಂದ ಬಂದ ಗುಂಡು ಟಣ್ ಅಂತ ಅದಕ್ಕೆ ಬಡಿಯುತ್ತದೆ.

ಇಲ್ಲಿಯವರೆಗೂ ಇದು ದುಡ್ಡು ಕೊಟ್ಟು ಕೊಳ್ಳುವ, ಒಳ್ಳೆಯ ಕಂಪ್ಯೂಟರ್ ಬೇಕಾದ ಆಟ. 2018ರಲ್ಲಿ ಚೀನಾದ ಟೆನ್ಸೆಂಟ್ ಅದನ್ನು ಮೊಬೈಲಿಗೆ ತಂದು ಪುಕ್ಕಟೆ ಕೊಟ್ಟಿತು. ನಮ್ಮ ಊರುಗಳ ಬಸ್‌ಸ್ಟ್ಯಾಂಡಿಗೆ ಬಂದದ್ದು ಇದೇ. ಆದರೆ ಪುಕ್ಕಟೆ ಆಟ ನಡೆಯಬೇಕಾದರೆ ಬಟ್ಟೆ, ಬಂದೂಕಿನ ಬಣ್ಣ ಮಾರಬೇಕು, ಹೊಸಬರು ಓಡಿಹೋಗಬಾರದು. ಅದಕ್ಕೇ ಶುರುವಿನ ಆಟಗಳಲ್ಲಿ ಬಾಟ್‌ಗಳನ್ನು, ಅಂದರೆ ಕಂಪ್ಯೂಟರೇ ಆಡಿಸುವ ಆಟಗಾರರನ್ನು, ತುಂಬಿದರು. ಮೊದಲ ದಿನವೇ ಚಿಕನ್ ಡಿನ್ನರ್, ಅಂದರೆ ಇಡೀ ಆಟ, ಗೆದ್ದೆ ಅಂತ ಕುಣಿದವರೇ, ಕ್ಷಮಿಸಿ, ನೀವು ಹೊಡೆದದ್ದರಲ್ಲಿ ಜಾಸ್ತಿ ಪಾಲು ಯಂತ್ರಗಳು. ಗ್ರೀನ್‌ಗೆ ಬೇಕಿದ್ದ ಭಯ ಅಲ್ಲೇ ತೆಳುವಾಯಿತು ಅಂತ ನನಗನ್ನಿಸುತ್ತದೆ.

2020ರ ಸೆಪ್ಟೆಂಬರ್ 2ರಂದು ಭಾರತ 118 ಆ್ಯಪ್‌ಗಳನ್ನು ನಿಷೇಧಿಸಿದಾಗ ಪಬ್‌ಜಿ ಮೊಬೈಲ್ ಕೂಡ ಹೋಯಿತು. ಮರುವರ್ಷ 'ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ' ಆಗಿ ಬಂತು. ರಕ್ತ ಹಸಿರಾಗಿತ್ತು! 18 ವರ್ಷದ ಒಳಗಿನವರಿಗೆ ದಿನಕ್ಕೆ ಮೂರೇ ಗಂಟೆ. 2022ರಲ್ಲಿ ಮತ್ತೆ ಮಾಯ, 2023ರಲ್ಲಿ ಮತ್ತೆ ಹಾಜರ್.

ಅಷ್ಟರಲ್ಲಿ ಗ್ರೀನ್ ಬೇರೆ ಆಟದ ಹುಡುಕಾಟದಲ್ಲಿ ಆಮ್‌ಸ್ಟರ್‌ಡ್ಯಾಮ್ ಸೇರಿದ್ದರು. ಜೋಂಬಿಗಳ ವಿರುದ್ಧ ಕೋಟೆ ಕಟ್ಟುವ ಆಟವಾಗಿ ಶುರುವಾಗಿದ್ದ 'ಫೋರ್ಟ್‌ನೈಟ್' ಕೂಡ 2017ರಲ್ಲೇ ಇದೇ ದಾರಿಗೆ ತಿರುಗಿತ್ತು. ಅದನ್ನು ಮಾಡಿದವರಲ್ಲಿ ಕೋಡ್ ಬಲ್ಲವರಿಗೆ ಬರ ಇರಲಿಲ್ಲ, ಬೇಕಿದ್ದರೆ ಚೌಕ ಮಾಡಬಹುದಿತ್ತು. ಅವರೂ ಇಟ್ಟದ್ದು ವೃತ್ತವನ್ನೇ.

ಪ್ರಶ್ನೆ ಇದ್ದರೆ ಕೇಳಿ. ಅಪ್ಪಂದಿರಿಗೆ ಮೊದಲ ಅವಕಾಶ.