ಹುಳ ಯಾಕೆ ಅದೇ ಮಗುವಿಗೆ?

ಕೇಳುಗರೆಲ್ಲರಿಗೂ ನಮಸ್ಕಾರ.

ಒಂದೇ ಅಂಗಳದಲ್ಲಿ ಆಡುವ ಮಕ್ಕಳು. ಒಂದೇ ಮಣ್ಣು, ಒಂದೇ ನೀರು. ಆದರೂ ಒಂದು ಮಗುವಿಗೆ ಮಾತ್ರ ಹೊಟ್ಟೆ ತುಂಬ ಜಂತುಹುಳ. ಆಗ ಮನೆಯಲ್ಲಿ ಏನು ಮಾತು ಬರುತ್ತದೆ? "ಬೆಲ್ಲ ತಿನ್ನಿಸಿ ಹೀಗಾಯ್ತು, ತಾಯಿ ಸರಿಯಾಗಿ ನೋಡ್ಕೊಳ್ಳೋದಿಲ್ಲ." ದಯವಿಟ್ಟು ಆ ಮಾತು ಬಿಡಿ. ಬೆಲ್ಲದಿಂದ ಹುಳ ಬರುವುದಿಲ್ಲ. ಮಣ್ಣಿನಲ್ಲಿರುವ ಹುಳದ ಮೊಟ್ಟೆ ಬಾಯಿಗೆ ಹೋದರೆ ಬರುತ್ತದೆ. ಹೋದ ಮೇಲೆ ಎಷ್ಟು ಹುಳ ನೆಲೆ ನಿಲ್ಲುತ್ತವೆ ಅನ್ನುವುದರಲ್ಲಿ ಹುಟ್ಟಿನಿಂದ ಬಂದ ಗುಣಕ್ಕೂ ದೊಡ್ಡ ಪಾಲಿದೆ.

ಇದು ಗೊತ್ತಾಗಿದ್ದು ಹೇಗೆ? ನೇಪಾಳದ ಪೂರ್ವದ ಬೆಟ್ಟಗಳಲ್ಲಿ ಜಿರಿ ಅಂತ ಒಂದು ಊರು. ಅಲ್ಲಿ ಜಿರೇಲ್ ಜನ ಇದ್ದಾರೆ. ಹೆಚ್ಚಾಗಿ ತಮ್ಮವರಲ್ಲೇ ಮದುವೆಯಾಗುತ್ತಾ ಬಂದವರು. ಹಾಗಾಗಿ ಸಾವಿರಕ್ಕೂ ಹೆಚ್ಚು ಜನರನ್ನು ಒಂದೇ ವಂಶವೃಕ್ಷದಲ್ಲಿ ಬರೆಯಬಹುದು! ಸಾರಾ ವಿಲಿಯಮ್ಸ್-ಬ್ಲಾಂಗೆರೊ ಅನ್ನುವ ಸಂಶೋಧಕಿ ಮತ್ತು ಅವರ ಜೊತೆಗಾರರು ಈ ಜನರಿಗೆ ಹುಳ ಬೀಳಿಸುವ ಆಲ್ಬೆಂಡಜೋಲ್ ಮಾತ್ರೆ ಕೊಟ್ಟರು. ಆಮೇಲೆ ಒಬ್ಬೊಬ್ಬರ ಮಲವನ್ನೂ ತೆಗೆದಿಟ್ಟು ಅದರಲ್ಲಿ ಬಿದ್ದ ದುಂಡುಹುಳಗಳನ್ನು, ಅಂದರೆ ಉದ್ದನೆಯ ದುಂಡನೆಯ ಜಂತುಹುಳಗಳನ್ನು, ಎಣಿಸಿದರು. ಹೌದು, ಒಂದೊಂದೇ ಎಣಿಸಿದರು. ಎಂಥ ತಾಳ್ಮೆ ನೋಡಿ! ಅಷ್ಟಕ್ಕೇ ಬಿಡಲಿಲ್ಲ, ಮುಂದಿನ ವರ್ಷವೂ ಎಣಿಸಿದರು. 1999ರಲ್ಲಿ ಲೆಕ್ಕ ಹೊರಬಂತು. ಒಬ್ಬರಿಗೂ ಇನ್ನೊಬ್ಬರಿಗೂ ಹುಳದ ಸಂಖ್ಯೆಯಲ್ಲಿದ್ದ ವ್ಯತ್ಯಾಸದಲ್ಲಿ ಶೇಕಡ 30ರಿಂದ 50ರಷ್ಟು ರಕ್ತಸಂಬಂಧದಿಂದ ಬಂದದ್ದು. ಒಂದೇ ಸೂರಿನಡಿ ಇರುವುದರ ಪಾಲು ಅದಕ್ಕಿಂತ ಬಹಳ ಕಡಿಮೆ. ನೀವು ಯಾರ ಮನೆಯಲ್ಲಿದ್ದೀರಿ ಅನ್ನುವುದಕ್ಕಿಂತ ಯಾರ ಮಗು ಅನ್ನುವುದೇ ಇಲ್ಲಿ ಜಾಸ್ತಿ ಲೆಕ್ಕಕ್ಕೆ ಬಂತು.

ಹುಟ್ಟುಗುಣಗಳನ್ನು ತಂದೆತಾಯಿಯಿಂದ ಮಕ್ಕಳಿಗೆ ದಾಟಿಸುವುದು ಜೀನ್‌ಗಳು, ಅವು ಇರುವುದು ಜೀವಕೋಶದೊಳಗಿನ ಕ್ರೋಮೋಸೋಮ್ ಅನ್ನುವ ಎಳೆಗಳಲ್ಲಿ. ಹುಳದ ಸಂಖ್ಯೆಯ ಮೇಲೆ ಪ್ರಭಾವ ಬೀರುವ ಜೀನ್‌ಗಳು ಎಲ್ಲಿವೆ ಅಂತ ಹುಡುಕಿ, 2002ರಲ್ಲಿ ಅದೇ ತಂಡ 1 ಮತ್ತು 13ನೇ ಕ್ರೋಮೋಸೋಮುಗಳನ್ನು ಗುರುತಿಸಿತು. 13ನೆಯದರಲ್ಲಿ ಅವರ ಕಣ್ಣಿಗೆ ಬಿದ್ದ ಜೀನ್ ರಕ್ತದ ಬಿ ಕಣಗಳನ್ನು ಉಳಿಸಿ ಬೆಳೆಸುವಂಥದ್ದು. ರೋಗದ ಜೊತೆ ಹೋರಾಡುವ ಪ್ರತಿಕಾಯಗಳು ಹುಟ್ಟುವುದು ಈ ಬಿ ಕಣಗಳಿಂದಲೇ ಅಲ್ವಾ?

ಸಮಯ ಆಗುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಹಣೆಬರಹ ಅಂತ ಸುಮ್ನೆ ಕೂರಬೇಡಿ. ಮೊಟ್ಟೆ ಹೊಟ್ಟೆಗೆ ಹೋಗದಿದ್ದರೆ ಯಾವ ಜೀನ್ ಇದ್ದರೂ ದುಂಡುಹುಳ ಇಲ್ಲ. ಶೌಚಾಲಯ ಬಳಸಿ, ಸೋಪು ಹಾಕಿ ಕೈ ತೊಳೆಯಿರಿ, ತರಕಾರಿ ತೊಳೆದು ತಿನ್ನಿ. ಫೆಬ್ರವರಿ 10ರಂದು ಅಂಗನವಾಡಿಯಲ್ಲಿ, ಶಾಲೆಯಲ್ಲಿ ಕೊಡುವ ಮಾತ್ರೆ ತಪ್ಪಿಸಬೇಡಿ. ಒಂದು ಸಲ ನುಂಗಿದರೆ ಮುಗಿಯಲಿಲ್ಲ, ಹುಳ ಮತ್ತೆ ಬರಬಹುದು. ಒಂದು ಮಗುವಿಗೆ ಮತ್ತೆ ಮತ್ತೆ ಹುಳ ಬೀಳುತ್ತಿದ್ದರೆ ಅದರ ಅಣ್ಣ ತಂಗಿಯರ, ಬೇರೆ ಮನೆಯಲ್ಲಿರುವ ಚಿಕ್ಕಪ್ಪ ದೊಡ್ಡಪ್ಪಂದಿರ ಮಕ್ಕಳ ಮಲವನ್ನೂ ಪರೀಕ್ಷೆ ಮಾಡಿಸಿ. ತಾಯಿಯನ್ನು ಮಾತ್ರ ಬೈಯಬೇಡಿ. ನಮಸ್ಕಾರ.