ಟಾಕಿಯ ತಳ ನೋಡಿ, ಆಮೇಲೆ ಹಾರಿ

ವಿಜಯಪುರ, ಬಾಗಲಕೋಟೆ, ಬೆಳಗಾವಿ ಸೀಮೆಯ ರೈತ ಬಾಂಧವರಿಗೆ, ತಾಯಂದಿರಿಗೆ ನಮಸ್ಕಾರ. ನಾನು ವಿಮಾನದ ಇಂಜಿನ್ ಬಿಚ್ಚಿ ಜೋಡಿಸುತ್ತಲೇ ನಿವೃತ್ತನಾದವನು. ಬೆಳೆಗೆ ಔಷಧ ಹೊಡೆಯುವ ವಿಮಾನಗಳ ಜೊತೆ ಊರೂರು ಅಲೆದವನು. ಆ ವಿಮಾನಗಳ ಇಂಜಿನ್ ಹಾರುತ್ತಿರುವಾಗಲೇ ಯಾಕೆ ನಿಲ್ಲುತ್ತದೆ ಅನ್ನುವುದನ್ನು ಇವತ್ತು ಹೇಳುತ್ತೇನೆ.

ವಿಮಾನದಿಂದ ಔಷಧ ಉದುರಿಸುವ ಕೆಲಸ ಶುರುವಾದದ್ದು 1921ರಲ್ಲಿ, ಅಮೆರಿಕದ ಓಹಾಯೊದಲ್ಲಿ. ಮರದ ಎಲೆ ತಿನ್ನುವ ಹುಳಕ್ಕೆ ಮೇಲಿಂದ ಪುಡಿ ಎರಚಿದರು. ನಮ್ಮ ಬೆಂಗಳೂರಿನ ಎಚ್‌ಎಎಲ್ ಕೂಡ ಇದಕ್ಕೆಂದೇ ‘ಬಸಂತ್’ ಎಂಬ ವಿಮಾನ ಕಟ್ಟಿ 1972ರಲ್ಲಿ ಹಾರಿಸಿತು. 400 ಅಶ್ವಶಕ್ತಿಯ ಇಂಜಿನ್. ಅದೂ ಒಂದೇ ಒಂದು.

ಇಂಥ ವಿಮಾನ ಬೆಳೆಯ ತುದಿಯಿಂದ ಹತ್ತು ಅಡಿ ಮೇಲೆ ಓಡುತ್ತದೆ. ಅಲ್ಲಿ ಇಂಜಿನ್ ನಿಂತರೆ ಪೈಲಟ್ ಕೈಗೆ ಸಿಗುವುದು ಕೆಲವೇ ಸೆಕೆಂಡು. ಅಷ್ಟರಲ್ಲಿ ಏನು ರಿಪೇರಿ ಮಾಡಲು ಸಾಧ್ಯ? ಮಾಡುವುದೆಲ್ಲ ನೆಲದ ಮೇಲೇ ಮುಗಿದಿರಬೇಕು. ಬೆಳಿಗ್ಗೆ ಎದ್ದು ಪೆಟ್ರೋಲ್ ಟಾಕಿಯ ತಳ ನೋಡಬೇಕು. ಈ ಮಾತನ್ನು ನಾನು ಮತ್ತೆ ಮತ್ತೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಹೊರರಾಜ್ಯದ ಕಬ್ಬಿನ ಸೀಮೆಯಲ್ಲಿ ಒಮ್ಮೆ ಕ್ಯಾಂಪ್ ಹಾಕಿದ್ದೆವು. ಹೊಲದ ಪಕ್ಕದ ಮಣ್ಣಿನ ಪಟ್ಟಿಯೇ ರನ್‌ವೇ. ಪೆಟ್ರೋಲ್ ಬ್ಯಾರಲ್‌ನಲ್ಲಿ ಬರುತ್ತಿತ್ತು. ತಂದವನು ಬ್ಯಾರಲ್‌ಗಳನ್ನು ಬಯಲಲ್ಲಿ ನೆಟ್ಟಗೆ ನಿಲ್ಲಿಸಿ ಹೋಗಿದ್ದ. ರಾತ್ರಿ ಮಳೆ ಬಂತು. ಬ್ಯಾರಲ್ ನೆತ್ತಿಯ ಅಂಚಿನೊಳಗೆ ನೀರು ನಿಂತಿತು. ತಂಪಿಗೆ ಒಳಗಿನ ಗಾಳಿ ಕುಗ್ಗಿತು, ಬಿರಡೆಯ ಸಂದಿಯಿಂದ ಆ ನೀರನ್ನು ಒಳಗೆ ಎಳೆದುಕೊಂಡಿತು. ಬಿರಡೆ ಬಿಗಿಯಾಗಿಯೇ ಇತ್ತು ನೋಡಿ! ಆದರೂ ಎಳೆಯುತ್ತದೆ.

ಬೆಳಿಗ್ಗೆ ನಾನು ಇನ್ನೊಂದು ವಿಮಾನದ ಮ್ಯಾಗ್ನೆಟೊ, ಅಂದರೆ ಇಂಜಿನ್‌ಗೆ ಕಿಡಿ ಹೊತ್ತಿಸುವ ಸಾಧನ, ಬಿಚ್ಚಿಕೊಂಡು ಕೂತಿದ್ದೆ. ಇತ್ತ ಹುಡುಗರು ಅವಸರದಲ್ಲಿ ಪಂಪ್ ಹೊಡೆದು ಟಾಕಿ ತುಂಬಿದರು. ತಳ ನೋಡಲಿಲ್ಲ. ವಿಮಾನ ಎದ್ದಿತು. ಕಬ್ಬಿನ ಮೇಲೆ ಹೋಗುತ್ತಿದ್ದಂತೆ ಇಂಜಿನ್ ಎರಡು ಸಲ ಕೆಮ್ಮಿತು, ಆಮೇಲೆ ಸದ್ದೇ ಇಲ್ಲ.

ಪೈಲಟ್ ಸಾಹೇಬರು ಪಳಗಿದವರು. ಡಂಪ್ ಹಿಡಿಕೆ ಎಳೆದರು. ಹೊಟ್ಟೆಯ ಬಾಗಿಲು ತೆರೆದು ಔಷಧವೆಲ್ಲ ಒಮ್ಮೆಗೇ ಸುರಿಯಿತು, ವಿಮಾನ ಹಗುರಾಯಿತು. ಮೂಗು ತಗ್ಗಿಸಿದರು. ರನ್‌ವೇ ಕಡೆ ಹಿಂದಿರುಗಲು ನೋಡಲಿಲ್ಲ. ಅಷ್ಟು ಕೆಳಗೆ, ಅಷ್ಟು ನಿಧಾನದಲ್ಲಿ ತಿರುಗಿಸಿದರೆ ರೆಕ್ಕೆ ಹಿಡಿತ ಬಿಟ್ಟು ಮಗುಚಿ ಬೀಳುತ್ತದೆ. ನೇರ ಮುಂದಕ್ಕೇ, ಕಬ್ಬಿನ ಮೇಲೇ ಇಳಿಸಿದರು. ಚಕ್ರ ಮುರಿಯಿತು, ಪ್ರೊಪೆಲ್ಲರ್ ಬಾಗಿತು. ಅವರು ಹೆಲ್ಮೆಟ್ ತೆಗೆದು, ಕಬ್ಬು ಸರಿಸಿಕೊಂಡು ನಡೆದೇ ಬಂದರು. ಬಂದವರೇ ಕೇಳಿದ್ದು ಒಂದೇ ಮಾತು: “ತಳ ಯಾರು ನೋಡಿದ್ರಿ?” ಯಾರೂ ಬಾಯಿ ಬಿಡಲಿಲ್ಲ.

ಸಂಜೆ ನಾನು ಫಿಲ್ಟರ್ ಬಟ್ಟಲು ಬಿಚ್ಚಿ ಗಾಜಿನ ಲೋಟಕ್ಕೆ ಸುರಿದೆ. ಮೇಲೆ ಬಣ್ಣದ ಪೆಟ್ರೋಲ್. ಅದರಡಿ ಬಣ್ಣವಿಲ್ಲದ ನೀರಿನ ಹನಿಗಳು ಗುಂಡಗೆ ಉರುಳಾಡುತ್ತಿದ್ದವು. ನೀರು ಪೆಟ್ರೋಲ್‌ಗಿಂತ ಭಾರ, ತಳದಲ್ಲೇ ಕೂರುತ್ತದೆ. ಇಂಜಿನ್‌ಗೆ ಹೋಗುವ ಕೊಳವೆಯೂ ಹೊರಡುವುದು ಆ ತಳದ ಹತ್ತಿರವೇ. ಅದಕ್ಕೇ ಟಾಕಿಯ ಕೆಳಗೆ ಸಣ್ಣದೊಂದು ನಲ್ಲಿ ಇಟ್ಟಿರುತ್ತಾರೆ. ಲೋಟ ಹಿಡಿದು ಒತ್ತಿದರೆ ತಳದಲ್ಲಿ ಇರುವುದು ಕಣ್ಣಿಗೆ ಕಾಣುತ್ತದೆ. ಒಂದು ನಿಮಿಷದ ಕೆಲಸ. ಅದಕ್ಕೂ ಪುರುಸೊತ್ತಿಲ್ಲ ಅನ್ನುವವರನ್ನು ಕಂಡರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಬೇರೆ ಕಾರಣಗಳೂ ಇವೆ, ಬೇಗ ಹೇಳಿಬಿಡುತ್ತೇನೆ. ಪೆಟ್ರೋಲ್ ಕಡಿಮೆ ಇದ್ದಾಗ ಹೊಲದ ಕೊನೆಯಲ್ಲಿ ಅಡ್ಡಾದಿಡ್ಡಿ ತಿರುಗಿಸಿದರೆ, ಅದು ಟಾಕಿಯ ಒಂದು ಮಗ್ಗುಲಿಗೆ ಸರಿದು ಇಂಜಿನ್‌ಗೆ ಬರೀ ಗಾಳಿ ಹೋಗುತ್ತದೆ. ದೂಳಿಗೆ ಏರ್ ಫಿಲ್ಟರ್ ಕಟ್ಟಿಕೊಳ್ಳುತ್ತದೆ.

ನಮ್ಮ ಹೊಲಕ್ಕೆ ವಿಮಾನ ಎಲ್ಲಿ ಬರುತ್ತದೆ, ಈಗ ಡ್ರೋನ್ ಬಂದಿದೆಯಲ್ಲ ಅನ್ನುತ್ತೀರಿ. ಸರಿ. ಟ್ರ್ಯಾಕ್ಟರ್ ಇದೆ ಅಲ್ವಾ? ಡೀಸೆಲ್ ಬ್ಯಾರಲ್ ಇಟ್ಟುಕೊಂಡವರು ಅದನ್ನು ಅಡ್ಡ ಮಲಗಿಸಿ. ಎರಡೂ ಬಿರಡೆ ಒಂದೇ ಮಟ್ಟದಲ್ಲಿ, ಎಡಕ್ಕೊಂದು ಬಲಕ್ಕೊಂದು ಬರಲಿ. ಮೇಲೆ ತಾಡಪತ್ರಿ ಹೊದಿಸಿ.

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ಹಾರಾಟ ಕಲಿಯುವ ಮಕ್ಕಳು ಯಾರಾದರೂ ಕೇಳುತ್ತಿದ್ದರೆ ಅವರಿಗೊಂದು ಮಾತು. “ನಾನು ನೋಡಿದ್ದೀನಿ ಸರ್” ಎಂದು ಯಾರೇ ಹೇಳಲಿ, ಲೋಟ ಮಾತ್ರ ನೀವೇ ಹಿಡಿಯಿರಿ. ನಮಸ್ಕಾರ.