ದನ ಯಾರದು, ನೆಲ ಯಾರದು

ನಮಸ್ಕಾರ, ಕೇಳುಗರೇ. ಸ್ಟೇಷನ್ ಅಂದ ಕೂಡಲೇ ನಮಗೆ ನೆನಪಾಗುವುದು ರೈಲು. ಇಲ್ಲವೇ ಪೊಲೀಸರು. ಆಸ್ಟ್ರೇಲಿಯಾದವರಿಗೆ ಹಾಗಲ್ಲ. ಅಲ್ಲಿ ದನ, ಕುರಿ ಸಾಕುವ ಭಾರಿ ಜಮೀನಿಗೂ ಸ್ಟೇಷನ್ ಅಂತಲೇ ಹೆಸರು. ಒಳನಾಡಿನ ಕೆಲವು ದನದ ಸ್ಟೇಷನ್‌ಗಳು ನಮ್ಮ ತಾಲ್ಲೂಕುಗಳಿಗಿಂತ ದೊಡ್ಡವು. ಪಕ್ಕದ ಮನೆಯಿಂದ ಸಕ್ಕರೆ ಕಡ ತರಬೇಕೆಂದರೂ ಕುದುರೆಗೆ ಜೀನು ಕಟ್ಟಬೇಕು.

ಇಂಥ ಜಾಗದ ಕಥೆಯನ್ನು 1909ರಲ್ಲಿ ಮೆಲ್ಬರ್ನ್‌ನ ರಂಗಕ್ಕೆ ತಂದವರು ಬರ್ಟ್ ಬೈಲಿ ಮತ್ತು ಎಡ್ಮಂಡ್ ಡಗ್ಗನ್. ನಾಟಕದ ಹೆಸರು 'ದಿ ಮ್ಯಾನ್ ಫ್ರಮ್ ಔಟ್‌ಬ್ಯಾಕ್'. ಔಟ್‌ಬ್ಯಾಕ್ ಅಂದರೆ ದೂರದ ಒಳನಾಡು. ಇಬ್ಬರೂ ನಟರು. ಬರೆಯಲು ಕೂತರೆ ಮಾತ್ರ ಇಬ್ಬರೂ ಸೇರಿ ಒಬ್ಬರಾಗುತ್ತಿದ್ದರು: 'ಆಲ್ಬರ್ಟ್ ಎಡ್ಮಂಡ್ಸ್'. ಎರಡು ವರ್ಷ ಮೊದಲು ಇದೇ ಹೆಸರಿನಲ್ಲಿ 'ದಿ ಸ್ಕ್ವಾಟರ್ಸ್ ಡಾಟರ್' ಬರೆದು ಗೆದ್ದಿದ್ದರು. ಅದು ಕುರಿ ಸ್ಟೇಷನ್ ಕಥೆ. ದುಡ್ಡು ಹಾಕಿದವನು ವಿಲಿಯಂ ಆಂಡರ್ಸನ್. ಅವನ ಹೆಂಡತಿ ಯೂಜಿನಿ ಡಗ್ಗನ್, ಎಡ್ಮಂಡನ ತಂಗಿ, ಆ ಕಾಲದ ಹೆಸರಾಂತ ನಾಯಕಿ. ನಾಟಕ ಕಂಪನಿ ಅಂದರೆ ಎಲ್ಲಿ ಹೋದರೂ ಒಂದು ಸಂಸಾರವೇ, ಅಲ್ವಾ?

ಈ ಸಲ ಅವರು ಹಿಡಿದದ್ದು ದನಗಳ್ಳತನ. ಅಲ್ಲಿನವರ ಮಾತಿನಲ್ಲಿ 'ಡಫಿಂಗ್'. ಕಳ್ಳತನ ಹೇಗೆ ಗೊತ್ತಾ? ಎಷ್ಟೋ ಕಡೆ ಬೇಲಿ ಇರಲಿಲ್ಲ. ಸಾವಿರಾರು ದನ ತಮ್ಮ ಪಾಡಿಗೆ ಮೇಯುತ್ತಿದ್ದವು. ಕಾಲಕಾಲಕ್ಕೆ ಅವನ್ನು ಒಟ್ಟುಗೂಡಿಸಿ, ಹೊಸ ಕರುಗಳ ಮೈಮೇಲೆ ಕಾದ ಕಬ್ಬಿಣದಿಂದ ಮುದ್ರೆ ಒತ್ತುತ್ತಿದ್ದರು. ಆ ಮುದ್ರೆಯೇ ಒಡೆತನದ ಪತ್ರ. ಮುದ್ರೆ ಬೀಳದ ಕರುವಿಗೆ 'ಕ್ಲೀನ್‌ಸ್ಕಿನ್' ಅಂತ ಹೆಸರು. ಕಳ್ಳ ರಾತ್ರೋರಾತ್ರಿ ಬಂದು ತನ್ನ ಮುದ್ರೆ ಒತ್ತಿದರೆ ಮುಗಿಯಿತು, ಕರು ಅವನದು. ಹಳೆಯ ಮುದ್ರೆಗೆ ಒಂದೆರಡು ಗೆರೆ ಸೇರಿಸಿ ಅಕ್ಷರವನ್ನೇ ಬದಲಿಸುವ ಚಾಲಾಕಿಗಳೂ ಇದ್ದರು. ನಾಟಕಕಾರನಿಗೆ ಇನ್ನೇನು ಬೇಕು?

ನಿಜ ಹೇಳಬೇಕೆಂದರೆ, ಈ ಬಗೆಯ ಅತಿರಂಜಿತ ನಾಟಕಗಳ, ಅಂದರೆ ಮೆಲೊಡ್ರಾಮಾಗಳ, ಎಲುಬಿನ ಗೂಡು ಲಂಡನ್ನಿನಿಂದ ಬಂದದ್ದು. ಒಳ್ಳೆಯ ಹುಡುಗಿ, ಕೆಟ್ಟ ಗಂಡಸು, ಅಡವಿಟ್ಟ ಆಸ್ತಿ, ಕೊನೆಯ ಗಳಿಗೆಯಲ್ಲಿ ಓಡಿ ಬರುವ ನಾಯಕ. ಅದರ ಮೇಲೆ ಇವರು ಹಾಕಿದ ಚರ್ಮ ಮಾತ್ರ ಅಪ್ಪಟ ಊರಿನದು. ನೋಡುತ್ತಿದ್ದವರು ಪೇಟೆಯ ಜನ. ಬಹಳ ಮಂದಿ ದನದ ಸ್ಟೇಷನ್ ಕಂಡವರೇ ಅಲ್ಲ. ನಮ್ಮ ದೇಶ ಹೀಗಿದೆ ಅಂತ ಅವರು ಟಿಕೆಟ್ ಕೊಂಡು ನೋಡಿದರು.

ಈ ಕಥೆಗಳಲ್ಲಿ ಜಗಳವೆಲ್ಲ ಒಂದೇ ಪ್ರಶ್ನೆಗೆ: ಸ್ಟೇಷನ್ ಯಾರ ಪಾಲು? 'ಸ್ಕ್ವಾಟರ್' ಅನ್ನುವ ಮಾತನ್ನೇ ನೋಡಿ. ಹೇಳದೆ ಕೇಳದೆ ಬಂದು ಕೂತವನು ಅಂತ ಅರ್ಥ. ಆಮೇಲೆ ಅದೇ ಸಾಹುಕಾರನ ಬಿರುದಾಯಿತು. ಕೂತದ್ದು ಯಾರ ನೆಲದ ಮೇಲೆ? ಉತ್ತರದ ದನದ ಸ್ಟೇಷನ್‌ಗಳಲ್ಲಿ ಕುದುರೆ ಹತ್ತಿ ದನ ಕಾದವರಲ್ಲಿ ಮೂಲನಿವಾಸಿಗಳೇ ಜಾಸ್ತಿ. ಎಷ್ಟೋ ಮಂದಿಗೆ ಸಿಗುತ್ತಿದ್ದದ್ದು ಸಂಬಳವಲ್ಲ, ಬರೀ ಹಿಟ್ಟು, ಸಕ್ಕರೆ, ಟೀ ಪುಡಿ. ಮೆಲೊಡ್ರಾಮಾದ ನಾಯಕ ಅವರಲ್ಲಿ ಒಬ್ಬನೂ ಆಗಲಿಲ್ಲ.

1966ರ ಆಗಸ್ಟ್‌ನಲ್ಲಿ ಉತ್ತರದ ವೇವ್ ಹಿಲ್ ಅನ್ನುವ ದನದ ಸ್ಟೇಷನ್‌ನಲ್ಲಿ ಗುರಿಂಜಿ ಅನ್ನುವ ಮೂಲನಿವಾಸಿ ಜನ ಕೆಲಸ ಬಿಟ್ಟು, ಹೆಂಡತಿ ಮಕ್ಕಳೊಂದಿಗೆ ನಡೆದು ಹೊರಟರು. ಮುಂದೆ ನಿಂತವನು ವಿನ್ಸೆಂಟ್ ಲಿಂಗಿಯಾರಿ. ಮೊದಲು ಕೂಲಿ ಕೇಳಿದರು, ಆಮೇಲೆ ನೆಲವನ್ನೇ ಕೇಳಿದರು. ಒಂಬತ್ತು ವರ್ಷ ಹಿಡಿಯಿತು. 1975ರಲ್ಲಿ ಪ್ರಧಾನಿ ಗಾಫ್ ವಿಟ್ಲಂ ಅಲ್ಲಿಗೇ ಹೋಗಿ, ಬಗ್ಗಿ ಒಂದು ಹಿಡಿ ಮಣ್ಣು ತೆಗೆದು, ಲಿಂಗಿಯಾರಿಯ ಅಂಗೈಗೆ ಸುರಿದರು.